ಮನೆಯೊಳಗೊಂದು ಮೀನಿನ ಕೊಳ: ಗಿಡಗಳೇ ಫಿಲ್ಟರ್

ನಮ್ಮದು ಹಳೆಯ ಮನೆ. ಹಜಾರದ ಮೂಲೆಯಲ್ಲಿ, ಪೂರ್ವದ ಕಿಟಕಿಯ ಕೆಳಗೆ ದಾದಾ ಕಟ್ಟಿಸಿದ ಸಿಮೆಂಟಿನ ತೊಟ್ಟಿ ಇದೆ. ನಲ್ಲಿ ನೀರು ವಾರಕ್ಕೆರಡು ಸಲ ಮಾತ್ರ ಬರುತ್ತಿದ್ದ ಕಾಲದಲ್ಲಿ ವುಝೂ ಮಾಡಲು, ಪಾತ್ರೆ ತೊಳೆಯಲು ಅದೇ ಆಧಾರವಾಗಿತ್ತಂತೆ. ಮಾಳಿಗೆಯ ಮೇಲೆ ಟ್ಯಾಂಕ್ ಬಂದ ನಂತರ ಅದರೊಳಗೆ ಹಳೆಯ ಚಪ್ಪಲಿ, ಮುರಿದ ಕುರ್ಚಿ ಸೇರಿದವು. ರಂಜಾನ್ ಹಬ್ಬ ಮುಗಿದ ಮರುವಾರ ಅಬ್ಬಾ, "ಇದನ್ನು ಒಡೆಸಿ ಇಲ್ಲಿ ಫ್ರಿಜ್ ಇಡೋಣ" ಎಂದರು. ದಾದಿ ಏನೂ ಹೇಳಲಿಲ್ಲ. ಎದ್ದು ಒಳಗೆ ಹೋದರು.

ಹಳೆಯ ಮಸೀದಿಗಳ ಹೌಜ್‌ನಲ್ಲಿ ಮೀನು ಓಡಾಡುವುದನ್ನು ನೀವೂ ನೋಡಿರಬಹುದು. ನನಗೆ ಅದೇ ನೆನಪಾಯಿತು. "ಮೂರು ತಿಂಗಳು ಕೊಡಿ ಅಬ್ಬಾ, ಮೀನಿನ ಕೊಳ ಮಾಡ್ತೀನಿ" ಎಂದುಬಿಟ್ಟೆ. ಅಮ್ಮಿ ಒಂದು ಶರತ್ತು ಹಾಕಿದರು: "ಒಂದೇ ಒಂದು ಸೊಳ್ಳೆಮರಿ ಕಂಡರೂ ಅವತ್ತೇ ಒಡೆಸೋದು." ಹೋದ ವರ್ಷ ನಮ್ಮ ಬೀದಿಯಲ್ಲಿ ಇಬ್ಬರಿಗೆ ಡೆಂಗಿ ಆಗಿತ್ತು, ಅವರ ಭಯ ಸುಳ್ಳಲ್ಲ. ನನ್ನ ಬಂಡವಾಳ ಈದಿಯ 2000 ರೂಪಾಯಿ.

ಮೊದಲ ತಪ್ಪು

ತೊಟ್ಟಿಯ ತಳದಲ್ಲಿ ಬಿರುಕು ಇತ್ತು. ಸಿಮೆಂಟ್ ಮೆತ್ತಿ, ನಾಲ್ಕು ದಿನ ಒಣಗಿಸಿ, ನೀರು ತುಂಬಿ, 150 ರೂಪಾಯಿಗೆ ಹತ್ತು ಗಪ್ಪಿ ಮೀನು ತಂದು ಬಿಟ್ಟೆ. ಮೂರನೇ ದಿನದ ಬೆಳಿಗ್ಗೆ ಒಂದೂ ಉಳಿದಿರಲಿಲ್ಲ. ದಾದಿ ಬಂದು ನೋಡಿ, "ಪಾಪ, ಬೇಟಾ" ಎಂದರು. ನನಗೋ ಅವರಿಗೋ, ಮೀನಿಗೋ ಗೊತ್ತಾಗಲಿಲ್ಲ.

ಕಾಲೇಜಿನ ವಿಜ್ಞಾನ ವಿಭಾಗದ ಗೆಳತಿ ಕೆಂಪು ಲಿಟ್ಮಸ್ ಕಾಗದ ಕೊಟ್ಟಳು. ತೊಟ್ಟಿಯ ನೀರಿನಲ್ಲಿ ಅದ್ದಿದ ಕೂಡಲೇ ಅದು ನೀಲಿಯಾಯಿತು. ಹೊಸ ಸಿಮೆಂಟಿನಿಂದ ಸುಣ್ಣ ನೀರಿಗೆ ಇಳಿದು ಕ್ಷಾರ ಹೆಚ್ಚಾಗಿತ್ತು. ಅಂಥ ನೀರಿನಲ್ಲಿ ಮೀನು ಬದುಕುವುದು ಕಷ್ಟ. ಹಾಗಾಗಿ ಮೂರು ವಾರ ಕಾಲ, ಮೂರು ದಿನಕ್ಕೊಮ್ಮೆ ಮೆತ್ತಿದ ಜಾಗ ಮುಳುಗುವಷ್ಟೇ ನೀರು ತುಂಬಿ ಖಾಲಿ ಮಾಡಿದೆ. ಆ ನೀರಿನಲ್ಲಿ ಅಂಗಳ ತೊಳೆದೆ. ಕೊನೆಗೆ ಲಿಟ್ಮಸ್ ಬಣ್ಣ ಬದಲಿಸುವುದನ್ನು ನಿಲ್ಲಿಸಿತು.

ನೀರಿನ ಜಮಾ-ಖರ್ಚು

ಎರಡನೇ ಕಾರಣವನ್ನು ಜೀವಶಾಸ್ತ್ರದ ಮೇಡಂ ವಿವರಿಸಿದರು. ವಾಣಿಜ್ಯದವಳಾದ ನನಗೆ ಅದು ಲೆಕ್ಕಪುಸ್ತಕದಂತೆ ಅರ್ಥವಾಯಿತು. ಮೀನು ಕಿವಿರುಗಳ ಮೂಲಕ ಅಮೋನಿಯಾ ಬಿಡುತ್ತದೆ. ಉಳಿದ ಆಹಾರ ಕೊಳೆತರೂ ಅದೇ ಬರುತ್ತದೆ. ಅದು ವಿಷ, ಕ್ಷಾರ ಹೆಚ್ಚಿದ್ದರೆ ಇನ್ನೂ ತೀವ್ರ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿಸುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತದೆ. ಇದರಿಂದ ಮೀನಿಗೆ ಅಷ್ಟು ಅಪಾಯವಿಲ್ಲ, ಗಿಡಕ್ಕಂತೂ ಗೊಬ್ಬರ. ಗಿಡ ಹೀರಿಕೊಂಡರೆ ಖಾತೆ ಸರಿಹೋಗುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಸಾಕಷ್ಟು ಇರುವುದಿಲ್ಲ. ಅವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನಾನು ನಾಲ್ಕು ದಿನವೂ ಕಾದಿರಲಿಲ್ಲ.

ಫಿಲ್ಟರ್ ಮಾಡಿದ್ದು ಹೀಗೆ

ತೊಟ್ಟಿ 4 ಅಡಿ ಉದ್ದ, 3 ಅಡಿ ಅಗಲ. ನೀರಿನ ಆಳ ಒಂದೂವರೆ ಅಡಿ. ಒಟ್ಟು 18 ಘನ ಅಡಿ. ಒಂದು ಘನ ಅಡಿಗೆ ಸುಮಾರು 28 ಲೀಟರ್, ಅಂದರೆ 500 ಲೀಟರಿಗೂ ಸ್ವಲ್ಪ ಹೆಚ್ಚು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಆದ್ದರಿಂದ ಎಂಜಿನಿಯರನ್ನು ಕೇಳದೆ ಮಹಡಿಯ ಮೇಲೆ ಇಂಥದ್ದನ್ನು ಕಟ್ಟಬೇಡಿ.

ತೊಟ್ಟಿಯ ಕಟ್ಟೆಯ ಮೇಲೆ ಒಂದು ಪ್ಲಾಸ್ಟಿಕ್ ಟಬ್ ಇಟ್ಟೆ. ತಳದಲ್ಲಿ ದೊಡ್ಡ ಜಲ್ಲಿ, ಮೇಲೆ ಸಣ್ಣ ಜಲ್ಲಿ. ಮನೆ ಕಟ್ಟುವ ಕಡೆಯಿಂದ ಕೇಳಿ ತಂದದ್ದು. ಜಲ್ಲಿಯ ಮೇಲೆ ನಿಂಬೆರಸ ಹಿಂಡಿ ನೋಡಿ. ನೊರೆ ಬಂದರೆ ಅದು ಸುಣ್ಣದ ಕಲ್ಲು, ಬೇಡ. ತೊಟ್ಟಿಯೊಳಗಿನ 18 ವ್ಯಾಟಿನ ಪಂಪ್ ನೀರನ್ನು ಪೈಪಿನ ಮೂಲಕ ಟಬ್ಬಿನ ತಳಕ್ಕೆ ಬಿಡುತ್ತದೆ. ನೀರು ಜಲ್ಲಿಯ ನಡುವೆ ಮೇಲೇರಿ, ಇನ್ನೊಂದು ಪೈಪಿನಿಂದ ತೊಟ್ಟಿಗೆ ಬೀಳುತ್ತದೆ. ಬೀಳುವಾಗ ಗಾಳಿಯನ್ನೂ ಸೇರಿಸಿಕೊಳ್ಳುತ್ತದೆ. ಜಲ್ಲಿಯ ಮೈಯೇ ಬ್ಯಾಕ್ಟೀರಿಯಾಗಳ ಮನೆ. ಹಾಗಾಗಿ ಪಂಪ್ ಹಗಲು ರಾತ್ರಿ ಓಡಬೇಕು. ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 13 ಯೂನಿಟ್ ಕರೆಂಟ್. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ತೆಗೆಯುವುದನ್ನು ಮರೆಯಬೇಡಿ.

ಬೇರಿನ ಮಣ್ಣು ತೊಳೆದು ಕೆಸು, ಕಾಬಾಳೆ, ಮನಿ ಪ್ಲಾಂಟ್ ನೆಟ್ಟೆ. ಬೆಳೆಯುವ ಗಿಡ ಮಾತ್ರ ನೀರನ್ನು ಶುದ್ಧ ಮಾಡುತ್ತದೆ, ಬೆಳೆಯಲು ಬೆಳಕು ಬೇಕು. ಕಿಟಕಿಯೇ ಇಲ್ಲದ ಕೋಣೆಗೆ ಈ ಉಪಾಯ ಆಗದು. ಹಳದಿಯಾದ ಎಲೆಯನ್ನು ಕೂಡಲೇ ಕತ್ತರಿಸಬೇಕು. ನೀರಿನಲ್ಲಿ ಕೊಳೆತರೆ ಹೀರಿದ್ದೆಲ್ಲ ವಾಪಸ್.

ಐದು ವಾರ ಮೀನಿಲ್ಲದೆ ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಹಾಕಿದೆ. ಅದು ಕೊಳೆತು ಬ್ಯಾಕ್ಟೀರಿಯಾಗಳಿಗೆ ಅಮೋನಿಯಾ ಒದಗಿಸುತ್ತದೆ. ಸೊಳ್ಳೆ ಮೊಟ್ಟೆ ಇಡದಂತೆ ಹಳೆಯ ಸೊಳ್ಳೆಪರದೆ ಮುಚ್ಚಿದ್ದೆ. ಅಕ್ವೇರಿಯಂ ಅಂಗಡಿಯ ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದು ನೈಟ್ರೇಟ್ ಕಂಡ ದಿನ ನೀರು ಸಿದ್ಧ ಎಂದರ್ಥ.

ಮೀನು ಬಿಡುವಾಗ

ಮೊದಲು ಆರು ಗಪ್ಪಿ, ಎರಡು ವಾರದ ನಂತರ ಇನ್ನಾರು. ಒಮ್ಮೆಲೇ ಬಿಟ್ಟರೆ ಬ್ಯಾಕ್ಟೀರಿಯಾಗಳಿಗೆ ಹೊರೆ ಹೆಚ್ಚು. ತಂದ ಚೀಲವನ್ನು ಸ್ವಲ್ಪ ಹೊತ್ತು ನೀರಿನ ಮೇಲೆ ತೇಲಿಬಿಟ್ಟು, ಎರಡೂ ನೀರಿನ ಬಿಸಿ ಒಂದಾದ ಮೇಲೆ ಮೀನು ಬಿಡಬೇಕು. ತಮ್ಮ ಗೋಲ್ಡ್‌ಫಿಶ್ ಕೇಳಿದ. ಅದು ದೊಡ್ಡದಾಗಿ ಬೆಳೆಯುತ್ತದೆ, ಗಲೀಜೂ ಹೆಚ್ಚು ಎಂದು ಬೇಡವೆಂದೆ. ಗಪ್ಪಿ ಸೊಳ್ಳೆಮರಿ ತಿನ್ನುತ್ತದೆ. ಆರೋಗ್ಯ ಇಲಾಖೆಯವರು ತೊಟ್ಟಿ, ಬಾವಿಗಳಿಗೆ ಬಿಡುವುದೂ ಅದಕ್ಕೇ. ಆದರೆ ಇದು ದಕ್ಷಿಣ ಅಮೆರಿಕದ ಮೀನು, ಬೇಗ ಮರಿ ಹಾಕುತ್ತದೆ. ಹೆಚ್ಚಾದವನ್ನು ಕೆರೆಗೆ ಬಿಟ್ಟರೆ ಅಲ್ಲಿನ ಮೀನುಗಳಿಗೆ ತೊಂದರೆ. ಬೇಕಾದವರಿಗೆ ಕೊಡಿ.

ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ವಾರಕ್ಕೊಮ್ಮೆ ನಾಲ್ಕೈದು ಬಕೆಟ್ ನೀರು ತೆಗೆದು ಹೊಸದು ಹಾಕುತ್ತೇನೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಬೇಕು. ತೆಗೆದ ನೀರು ಅಮ್ಮಿಯ ಕರಿಬೇವಿನ ಗಿಡಕ್ಕೆ.

ಖರ್ಚು: ಪಂಪ್ 450, ಟಬ್ 250, ಪೈಪ್ 180, ಸಿಮೆಂಟ್ 120, ಕಿಟ್ 600, ಮೀನು 180. ಸತ್ತ ಹತ್ತು ಮೀನಿನ 150 ರೂಪಾಯಿಯನ್ನು ನಷ್ಟದ ಕಡೆ ಬರೆದೆ. ಒಟ್ಟು 1930. ಆ ನಷ್ಟ ನನ್ನ ಅವಸರದ್ದು. ನೀವು ಈ ಲೇಖನ ಓದಿ ಆರು ವಾರ ಕಾದರೆ ನಿಮ್ಮ ಪುಸ್ತಕದಲ್ಲಿ ಆ ಸಾಲು ಇರುವುದಿಲ್ಲ.

ಮೂರು ತಿಂಗಳು ಮುಗಿದು ಹದಿನೈದು ದಿನವಾಯಿತು. ಅಮ್ಮಿ ಟಾರ್ಚ್ ಹಿಡಿದು ಎರಡು ಸಲ ತಪಾಸಣೆ ಮಾಡಿದರು, ಸೊಳ್ಳೆಮರಿ ಸಿಗಲಿಲ್ಲ. ಅಬ್ಬಾ ಫ್ರಿಜ್ಜಿಗೆ ಅಡುಗೆಮನೆಯಲ್ಲಿ ಜಾಗ ಅಳೆದಿದ್ದಾರೆ. ಅಸರ್ ನಮಾಝ್ ಆದ ಮೇಲೆ ದಾದಿ ತೊಟ್ಟಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ನಿನ್ನೆ ನನ್ನನ್ನು ಕೂಗಿ ಕರೆದು ಬೇರುಗಳ ನಡುವೆ ಬೆರಳು ತೋರಿಸಿದರು. ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಿಗಳು. ಇಬ್ಬರೂ ಎಣಿಸಿದೆವು. ನನಗೆ ಏಳು ಸಿಕ್ಕವು, ದಾದಿಗೆ ಒಂಬತ್ತು.