ಜಾಗವಿದ್ದೂ ತುಂಬಿಹೋಗುವ ಮೇಲ್‌ಬಾಕ್ಸ್

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದರೆ ಬಂಡೀಪುರಕ್ಕೆ ಮೊದಲು ಸಿಗುವ ಹೋಬಳಿ ಕೇಂದ್ರ ಹಂಗಳ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುವುದೂ ಇಲ್ಲಿಂದಲೇ. ಸುತ್ತಮುತ್ತಲಿನ ವಸತಿಗೃಹಗಳ ಕಚೇರಿಗಳಿಗೆ ರೂಮು ಕೇಳಿ ಬರುವ ಪತ್ರ, ಹಣ ಕಟ್ಟಿದ ರಸೀದಿ, ಅತಿಥಿಗಳ ಗುರುತಿನ ಚೀಟಿಯ ಫೋಟೊ ಎಲ್ಲವೂ ಇಮೇಲ್‌ನಲ್ಲೇ ಬಂದು ಸೇರುತ್ತವೆ. ಅಂಥದ್ದೊಂದು ಕಚೇರಿಯ ಹುಡುಗ ಹೇಳಿದ ತೊಂದರೆ ಇದು: "ಹೊಸ ಔಟ್‌ಲುಕ್ ಹಾಕ್ಸಿದ್ದೀವಿ. ಡಿಸ್ಕಲ್ಲಿ ಬೇಕಾದಷ್ಟು ಜಾಗ ಅದೆ. ಆದ್ರೂ ಮೇಲ್‌ಬಾಕ್ಸ್ ತುಂಬ್ಯದೆ ಅಂತ ತೋರಿಸ್ತದೆ ಕಣಣ್ಣ, ಒಂದು ಮೇಲೂ ಇಳೀತಿಲ್ಲ."

ಡಿಸ್ಕಿನಲ್ಲಿ ಜಾಗವಿದ್ದರೂ ಪೆಟ್ಟಿಗೆ ತುಂಬುವುದು ಹೇಗೆ? ಉತ್ತರ ಡಿಸ್ಕಿನಲ್ಲಿಲ್ಲ, ಲೆಕ್ಕ ಇಡುವ ಅಂಕಿಯಲ್ಲಿದೆ.

ಮೈಕ್ರೋಸಾಫ್ಟ್‌ನ ಇಮೇಲ್ ಪ್ರೋಗ್ರಾಮಾದ ಔಟ್‌ಲುಕ್ ತಾನು ಇಳಿಸಿಕೊಂಡ ಪತ್ರಗಳನ್ನು ಹಲವು ಕಚೇರಿಗಳಲ್ಲಿ ಪಿಎಸ್‌ಟಿ ಎಂಬ ಒಂದೇ ಫೈಲಿನೊಳಗೆ ಇಡುತ್ತದೆ. ಹೊರಗಿನಿಂದ ಒಂದೇ ಫೈಲು. ಒಳಗೆ ಸಾವಿರಾರು ತುಣುಕುಗಳು ಮತ್ತು ಎರಡು ಸೂಚಿಗಳು. ಯಾವ ಪತ್ರಕ್ಕೆ ಯಾವ ತುಣುಕು ಸೇರಿದ್ದು ಎಂಬುದನ್ನು ಮೊದಲ ಸೂಚಿ ಹೇಳುತ್ತದೆ. ಆ ತುಣುಕು ಫೈಲಿನ ಎಷ್ಟನೇ ಬೈಟಿನಿಂದ ಶುರುವಾಗುತ್ತದೆ ಎಂಬುದು ಎರಡನೆಯದರಲ್ಲಿದೆ. ಈ "ಎಷ್ಟನೇ" ಎಂಬ ಸಂಖ್ಯೆ ಬರೆಯಲು ಔಟ್‌ಲುಕ್ 97ರಿಂದ 2002ರವರೆಗಿನ ಆವೃತ್ತಿಗಳು ಕೊಟ್ಟಿದ್ದು 32 ಬಿಟ್. ಧನವೋ ಋಣವೋ ಎಂದು ಗುರುತಿಸಲು ಅದರಲ್ಲೊಂದನ್ನು ಮೀಸಲಿಟ್ಟರೆ ಉಳಿದ 31 ಬಿಟ್‌ಗಳಲ್ಲಿ ಬರೆಯಬಹುದಾದ ದೊಡ್ಡ ಸಂಖ್ಯೆ 214,74,83,647. ಎರಡು ಜಿಬಿಗೆ ಒಂದೇ ಒಂದು ಕಡಿಮೆ. ಹಳೆಯ ಲಾರಿಯ ಐದಂಕಿ ಮೀಟರು 99999 ಮುಟ್ಟಿದ ಮೇಲೆ ಮುಂದಿನ ಕಿಲೋಮೀಟರನ್ನು ತೋರಿಸಲಾರದು. ರಸ್ತೆ ಮಾತ್ರ ಮುಂದೆ ಇದ್ದೇ ಇರುತ್ತದೆ. ಹಳೆಯ ಪಿಎಸ್‌ಟಿಯ ಸ್ಥಿತಿಯೂ ಅದೇ.

ಈ ಮಿತಿ ಎಷ್ಟು ಕ್ರೂರವಾಗಿತ್ತು ಎಂಬುದನ್ನು ಈಗಿನವರು ಊಹಿಸುವುದು ಕಷ್ಟ. ಆರಂಭದ ಆವೃತ್ತಿಗಳು ಎಚ್ಚರಿಕೆಯನ್ನೇ ಕೊಡುತ್ತಿರಲಿಲ್ಲ. ಎರಡು ಜಿಬಿ ದಾಟಿದ ಫೈಲು ತೆರೆಯುತ್ತಲೇ ಇರಲಿಲ್ಲ. ಅಷ್ಟೂ ವರ್ಷದ ಪತ್ರಗಳು ಅದರೊಳಗೆ ಸಿಕ್ಕಿಬೀಳುತ್ತಿದ್ದವು. ಮೈಕ್ರೋಸಾಫ್ಟ್ ಅದಕ್ಕೆಂದೇ ಒಂದು ಸಲಕರಣೆ ಹೊರತಂದಿತು. ಅದು ಮಾಡುತ್ತಿದ್ದ ಕೆಲಸ ಫೈಲಿನ ಒಂದಷ್ಟು ಭಾಗ ಕತ್ತರಿಸಿ ಎಸೆಯುವುದು. ಉಳಿದದ್ದನ್ನು ರಿಪೇರಿ ಮಾಡಿ ತೆರೆಯಬಹುದಿತ್ತು, ಕತ್ತರಿಸಿದ ಭಾಗದಲ್ಲಿದ್ದ ಪತ್ರ ಹೋದದ್ದು ಹೋದಂತೆಯೇ. ಅದರಲ್ಲಿ ಯಾವ ಪತ್ರ ಇತ್ತೆಂದು ಮೊದಲೇ ತಿಳಿಯುವ ಉಪಾಯವೂ ಇರಲಿಲ್ಲ.

ಔಟ್‌ಲುಕ್ 2003ರಲ್ಲಿ ಫೈಲಿನ ವಿನ್ಯಾಸವೇ ಬದಲಾಯಿತು. ಬೈಟಿನ ವಿಳಾಸಕ್ಕೆ 64 ಬಿಟ್ ಸಿಕ್ಕಿತು. ಅದೇ ಹೊತ್ತಿಗೆ ಅಕ್ಷರಗಳನ್ನು ಬರೆಯುವ ಕ್ರಮ ಆನ್ಸಿಯಿಂದ ಯೂನಿಕೋಡಿಗೆ ಹೋಯಿತು. ಕನ್ನಡಿಗರಿಗೆ ಈ ಎರಡನೆಯ ಬದಲಾವಣೆ ಮೊದಲನೆಯದಕ್ಕಿಂತ ದೊಡ್ಡದು ಎಂಬುದು ನನ್ನ ನಂಬಿಕೆ. ಆನ್ಸಿ ಪದ್ಧತಿಯಲ್ಲಿ ಭಾಷೆಗೊಂದು ಸಂಕೇತಪಟ್ಟಿ ಇರುತ್ತಿತ್ತು: ರಷ್ಯನ್ನಿಗೆ ಒಂದು, ಗ್ರೀಕಿಗೆ ಒಂದು. ವಿಂಡೋಸ್‌ನ ಆ ಪಟ್ಟಿಗಳಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. ನುಡಿ, ಬರಹ ತಂತ್ರಾಂಶಗಳು ಇಂಗ್ಲಿಷಿನ ಸಂಕೇತಗಳ ಮೇಲೆ ಕನ್ನಡದ ಫಾಂಟು ಹೊದಿಸಿ ಕೆಲಸ ಸಾಗಿಸಿದವು. 1991ರಲ್ಲಿ ಬಂದ ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ 128 ಸ್ಥಾನಗಳು ದೊರೆತವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟೂ ಬಂತು. ಆದರೂ ಹಳೆಯ ಪಿಎಸ್‌ಟಿಯಲ್ಲಿ ಪತ್ರದ ವಿಷಯದ ಸಾಲನ್ನು ಕನ್ನಡದಲ್ಲಿ ಬರೆದರೆ ಅದು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಉಳಿಯುತ್ತಿತ್ತು. "ಹಂಗಳ" ಎಂಬ ಹೆಸರಿಗೆ ಹೊಸ ಫೈಲಿನಲ್ಲಿ ಬೇಕಾಗುವುದು ಎಂಟೇ ಬೈಟು. ಹಳೆಯದರಲ್ಲಿ ಅದಕ್ಕೆ ದಾರಿಯೇ ಇರಲಿಲ್ಲ. ಎರಡು ಜಿಬಿಯ ಗೋಡೆ ಒಡೆದ ವಿನ್ಯಾಸವೇ ಕನ್ನಡವನ್ನೂ ಒಳಗೆ ಬಿಟ್ಟುಕೊಂಡಿತು.

ಹಾಗಾದರೆ ಹೊಸ ಆವೃತ್ತಿ ಹಾಕಿದ ಮೇಲೂ ತೊಂದರೆ ಯಾಕೆ? ಅಪ್‌ಗ್ರೇಡ್ ಬದಲಿಸುವುದು ಪ್ರೋಗ್ರಾಮನ್ನು ಮಾತ್ರ. ಹಳೆಯ ಫೈಲನ್ನು ಹೊಸ ಔಟ್‌ಲುಕ್ ಹಾಗೇ ತೆರೆದು, ಹಳೆಯ ಕ್ರಮದಲ್ಲೇ ಬರೆಯುತ್ತಾ ಹೋಗುತ್ತದೆ. ಕಂಪ್ಯೂಟರ್ ಬದಲಿಸಿದಾಗಲೆಲ್ಲ ಅದೇ ಫೈಲನ್ನು ನಕಲು ಮಾಡುತ್ತಾ ಬಂದ ಕಚೇರಿಗಳಲ್ಲಿ 32 ಬಿಟ್ಟಿನ ಮಿತಿಯೂ ಜೊತೆಗೇ ಬಂದಿರುತ್ತದೆ. ಪರೀಕ್ಷಿಸುವುದು ಸುಲಭ: ಡೇಟಾ ಫೈಲಿನ ವಿವರ ತೆರೆದಾಗ ಅದರ ಮಾದರಿಯ ಮುಂದೆ 97-2002 ಎಂದಿದ್ದರೆ ಅದು ಹಳೆಯದೇ.

ಸರಿಪಡಿಸಲು ಮೊದಲು ಔಟ್‌ಲುಕ್ ಮುಚ್ಚಿ ಆ ಫೈಲಿನ ಒಂದು ಪ್ರತಿಯನ್ನು ಬೇರೆಡೆ ಇಡಬೇಕು. ಇದನ್ನು ಬಿಟ್ಟು ಮುಂದಿನ ಹೆಜ್ಜೆಗೆ ಹೋಗಲೇಬಾರದು. ಫೈಲು ಕೆಟ್ಟಿದ್ದರೆ ಔಟ್‌ಲುಕ್‌ನ ಜೊತೆಗೇ ಬರುವ ಸ್ಕ್ಯಾನ್‌ಪಿಎಸ್‌ಟಿ ಓಡಿಸಿ, ನಂತರ ಹೊಸ ಮಾದರಿಯ ಖಾಲಿ ಡೇಟಾ ಫೈಲು ಮಾಡಿ, ಹಳೆಯದರಿಂದ ಪತ್ರಗಳನ್ನು ಇಂಪೋರ್ಟ್ ಮಾಡಿಕೊಳ್ಳಬೇಕು. ಹೊಸ ಪತ್ರಗಳು ಇನ್ನು ಮುಂದೆ ಹೊಸ ಫೈಲಿಗೇ ಇಳಿಯುವಂತೆ ಅದನ್ನು ಡೀಫಾಲ್ಟ್ ಮಾಡುವುದನ್ನು ಎಷ್ಟೋ ಜನ ಮರೆಯುತ್ತಾರೆ. ಪತ್ರಗಳನ್ನು ತಾನಾಗಿ ವಿಂಗಡಿಸುವ ರೂಲ್‌ಗಳನ್ನೂ ಹೊಸ ಫೋಲ್ಡರುಗಳ ಕಡೆಗೆ ತಿರುಗಿಸಬೇಕು. ನಡುವೆ ಕರೆಂಟ್ ಹೋದರೆ ಅರ್ಧ ಬರೆದ ಸೂಚಿಯೊಡನೆ ಫೈಲು ಕೆಡುವ ಅಪಾಯವಿದೆ, ಆದ್ದರಿಂದ ನಮ್ಮ ಕಡೆ ಈ ಕೆಲಸಕ್ಕೆ ಯುಪಿಎಸ್ ಅಥವಾ ಚಾರ್ಜ್ ತುಂಬಿದ ಲ್ಯಾಪ್‌ಟಾಪ್ ಇರಲೇಬೇಕು. ಪ್ರಶ್ನಾರ್ಥಕ ಚಿಹ್ನೆಗಳಾಗಿಹೋದ ಕನ್ನಡದ ಸಾಲುಗಳು ಮಾತ್ರ ಇದರಿಂದ ಮರಳುವುದಿಲ್ಲ. ಸರ್ವರಿನಲ್ಲಿ ಮೂಲ ಪತ್ರ ಉಳಿದಿದ್ದರಷ್ಟೇ ಮತ್ತೆ ಇಳಿಸಿಕೊಳ್ಳಬಹುದು.

ಹೊಸ ಮಾದರಿಗೂ ಒಂದು ಮಿತಿ ಇದೆ: ಔಟ್‌ಲುಕ್ 2003 ಮತ್ತು 2007ರಲ್ಲಿ 20 ಜಿಬಿ, 2010ರಿಂದ 50 ಜಿಬಿ. ಇದು ಅಂಕಿ ಸಾಲದೆ ಬಂದದ್ದಲ್ಲ, ಫೈಲು ವಿಪರೀತ ಬೆಳೆದು ನಿಧಾನವಾಗದಿರಲೆಂದು ತಯಾರಕರು ಇಟ್ಟದ್ದು. ಹಾಗಾಗಿ ವಿಂಡೋಸ್ ರಿಜಿಸ್ಟ್ರಿಯಲ್ಲಿ ಮ್ಯಾಕ್ಸ್‌ಲಾರ್ಜ್‌ಫೈಲ್‌ಸೈಜ್ ಎಂಬ ಬೆಲೆಯನ್ನು ತಿದ್ದಿ ಇದನ್ನು ಏರಿಸಬಹುದು. ಬೆಲೆಯನ್ನು ಎಂಬಿ ಲೆಕ್ಕದಲ್ಲಿ ಕೊಡಬೇಕು, 50 ಜಿಬಿ ಎಂದರೆ 51200. ಆದರೆ ಏರಿಸುವುದಕ್ಕಿಂತ ವರ್ಷಕ್ಕೊಂದು ಫೈಲು ಮಾಡಿ ಹಳೆಯ ಪತ್ರಗಳನ್ನು ಬೇರೆ ಇಡುವುದೇ ಒಳ್ಳೆಯದು ಎನ್ನುತ್ತೇನೆ. ಒಂದು ಫೈಲು ಕೆಟ್ಟರೆ ಉಳಿದವು ಬದುಕುತ್ತವೆ. ಪತ್ರ ಅಳಿಸಿದ ಮಾತ್ರಕ್ಕೆ ಫೈಲು ಚಿಕ್ಕದಾಗುವುದಿಲ್ಲ ಎಂಬುದೂ ನೆನಪಿರಲಿ. ಅಳಿಸಿದ ಜಾಗ ಒಳಗೇ ಖಾಲಿ ಎಂದು ಗುರುತಾಗಿರುತ್ತದೆ, ಫೈಲು ಕಾಂಪ್ಯಾಕ್ಟ್ ಆದಾಗಲೇ ಅದು ಡಿಸ್ಕಿಗೆ ಮರಳುವುದು.

ಇಷ್ಟೆಲ್ಲ ನಮ್ಮ ಕಂಪ್ಯೂಟರಿನ ಮಾತು. ಸರ್ವರಿನ ಮಿತಿ ಬೇರೆ, ಅದನ್ನು ಸೇವೆ ಕೊಡುವವರು ಗೊತ್ತುಮಾಡುತ್ತಾರೆ. 1996ರ ಹಾಟ್‌ಮೇಲ್ ಕೊಡುತ್ತಿದ್ದದ್ದು 2 ಎಂಬಿ. 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಎಂದು ಸಾರಿದಾಗ ಹಲವರು ನಂಬಲಿಲ್ಲ. ರಿಜಿಸ್ಟ್ರಿ ತಿದ್ದಿದರೆ ಸರ್ವರಿನ ಪಾಲು ಒಂದು ಬೈಟೂ ಹೆಚ್ಚುವುದಿಲ್ಲ.

ಹೊಸ ಫೈಲು ನಾಲ್ಕು ಜಿಬಿ ದಾಟಿದ ಮೇಲೆ ಪ್ರತಿ ಇಡಲು ಪೆನ್‌ಡ್ರೈವ್ ಚುಚ್ಚಿದಾಗ ಫೈಲು ತೀರಾ ದೊಡ್ಡದು ಎಂಬ ಸೂಚನೆ ಬರಬಹುದು. ಪೆನ್‌ಡ್ರೈವ್ ಫ್ಯಾಟ್32 ಕ್ರಮದಲ್ಲಿರುವುದರ ಗುರುತು ಅದು. ಅಲ್ಲಿ ಫೈಲಿನ ಗಾತ್ರವನ್ನು ಬರೆಯುವುದು ಮತ್ತದೇ 32 ಬಿಟ್ಟಿನಲ್ಲಿ, ಧನ-ಋಣದ ಗುರುತಿಗೆ ಒಂದನ್ನೂ ಮೀಸಲಿಡದೆ. ಒಳಗಿರುವುದನ್ನು ಬೇರೆಡೆ ತೆಗೆದಿಟ್ಟು ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಪ್ರತಿ ಇಳಿಯುತ್ತದೆ.