ಟೈಮ್ ಔಟ್ ಕೇಳಿದರೆ ಗಾಬರಿ ಬೇಡ ಮೇಡಂ!

ತಾಲ್ಲೂಕು ಮಟ್ಟದ ಕ್ರೀಡಾಕೂಟ ಬಂತೆಂದರೆ ದೈಹಿಕ ಶಿಕ್ಷಕಿಯರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಬೆಳಿಗ್ಗೆ ಕೊಕ್ಕೊ, ಮಧ್ಯಾಹ್ನ ಥ್ರೋಬಾಲ್. ಸಂಜೆ ಹೊತ್ತಿಗೆ ‘ಹುಡುಗಿಯರ ಬಾಸ್ಕೆಟ್‌ಬಾಲ್ ಫೈನಲ್‌ಗೆ ನೀವೇ ರೆಫರಿ’ ಅಂತ ಕೈಗೆ ವಿಶಲ್ ಕೊಟ್ಟೇಬಿಡುತ್ತಾರೆ! ಹೊಳೆನರಸೀಪುರವಿರಲಿ, ಅರಕಲಗೂಡಿರಲಿ, ಎಲ್ಲ ಕಡೆ ಇದೇ ಕಥೆ.

ಫೌಲು, ಟ್ರಾವೆಲಿಂಗ್ ಹೇಗೋ ನಿಭಾಯಿಸಿಬಿಡುತ್ತೀರಿ. ತಲೆನೋವು ಶುರುವಾಗುವುದು ಕೊನೆಯ ಎರಡು ನಿಮಿಷದಲ್ಲಿ. ಒಂದು ಕಡೆಯಿಂದ ಕೋಚ್ ‘ಮೇಡಂ, ಟೈಮ್ ಔಟ್’ ಅಂತ ಕೂಗುತ್ತಾರೆ. ಇನ್ನೊಂದು ಕಡೆಯಿಂದ ‘ಕೊಡಬೇಡಿ’ ಅಂತ ಗಲಾಟೆ. ಇಲ್ಲಿ ನೀವು ತಪ್ಪಿ ವಿಶಲ್ ಊದಿದರೆ ಬುಟ್ಟಿಯತ್ತ ಓಡುತ್ತಿದ್ದ ಹುಡುಗಿಯ ಅವಕಾಶವೇ ಹೋಯಿತು. ಹಾಸನದಲ್ಲಿ ಜಿಲ್ಲಾ ಮಟ್ಟ ಆಡಬೇಕೆಂದು ಕನಸು ಕಂಡವರು ಮನೆಗೆ ಹೋಗಬೇಕಾಗುತ್ತದೆ. ಆದ್ದರಿಂದ ನಿಯಮ ಬಾಯಿಪಾಠ ಆಗಿರಲಿ.

ಕೇಳುವ ಹಕ್ಕು ಯಾರಿಗೆ?

ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ‘ಫಿಬಾ’ ನಿಯಮದ ಪ್ರಕಾರ ಹೆಡ್ ಕೋಚ್ ಅಥವಾ ಮೊದಲ ಸಹಾಯಕ ಕೋಚ್ ಮಾತ್ರ ಟೈಮ್ ಔಟ್ ಕೇಳಬಹುದು. ಅಂಕಣದೊಳಗಿನ ಆಟಗಾರ್ತಿ ಕೇಳುವಂತಿಲ್ಲ. ಟಿ.ವಿ.ಯಲ್ಲಿ ಅಮೆರಿಕದ ಪಂದ್ಯ ನೋಡಿದವರಿಗೆ ಇಲ್ಲೇ ಗೊಂದಲ. ಅಲ್ಲಿ ಆಟಗಾರರೂ ಕೇಳಬಹುದು. 1993ರ ಅಮೆರಿಕದ ಕಾಲೇಜು ಫೈನಲ್‌ನಲ್ಲಿ ಮಿಷಿಗನ್ ತಂಡದ ಕ್ರಿಸ್ ವೆಬರ್ ತಂಡಕ್ಕೆ ಟೈಮ್ ಔಟ್ ಉಳಿದಿಲ್ಲದಿದ್ದರೂ ಕೇಳಿಬಿಟ್ಟರು. ಟೆಕ್ನಿಕಲ್ ಫೌಲ್ ಬಿತ್ತು, ಪಂದ್ಯವೂ ಕೈಬಿಟ್ಟಿತು.

ಇನ್ನೊಂದು ಮುಖ್ಯ ವಿಷಯ. ಕೋಚ್ ಕೇಳಬೇಕಾದದ್ದು ನಿಮ್ಮನ್ನಲ್ಲ, ಸ್ಕೋರರ್‌ನ್ನು! ಟೇಬಲ್ ಹತ್ತಿರ ಹೋಗಿ ಅಥವಾ ಸ್ಕೋರರ್ ಕಣ್ಣಿಗೆ ಬೀಳುವಂತೆ ನಿಂತು ಕೈಯಲ್ಲಿ ‘ಟಿ’ ಸನ್ನೆ ತೋರಿಸಬೇಕು. ಟೈಮರ್ ಸಿಗ್ನಲ್ ಕೊಡುವ ಮೊದಲು ಬೇಕಾದರೆ ‘ಬೇಡ’ ಎನ್ನಬಹುದು, ಆಮೇಲೆ ಇಲ್ಲ.

ಎಷ್ಟು ಸಲ?

ಮೊದಲರ್ಧದಲ್ಲಿ 2, ದ್ವಿತೀಯಾರ್ಧದಲ್ಲಿ 3, ಪ್ರತಿ ಹೆಚ್ಚುವರಿ ಅವಧಿಗೆ 1. ಒಂದೊಂದೂ ಒಂದು ನಿಮಿಷ. ನಾಲ್ಕನೇ ಕ್ವಾರ್ಟರ್‌ನ ಕೊನೆಯ ಎರಡು ನಿಮಿಷದಲ್ಲಿ ಎರಡಕ್ಕಿಂತ ಹೆಚ್ಚು ಸಿಗುವುದಿಲ್ಲ. ಉಳಿದದ್ದನ್ನು ಮುಂದಿನ ಅರ್ಧಕ್ಕೆ ಒಯ್ಯುವಂತಿಲ್ಲ.

ಯಾವಾಗ ಕೊಡಬೇಕು?

* ವಿಶಲ್ ಊದಿ, ಚೆಂಡು ಡೆಡ್ ಆಗಿ, ಗಡಿಯಾರ ನಿಂತು, ಟೇಬಲ್‌ಗೆ ನೀವು ತೋರಿಸಬೇಕಾದ ಸನ್ನೆ ಮುಗಿದ ಮೇಲೆ ಎರಡೂ ತಂಡಕ್ಕೆ.

* ಕೊನೆಯ ಫ್ರೀ ಥ್ರೋ ಬುಟ್ಟಿಗೆ ಬಿದ್ದಾಗ ಎರಡೂ ತಂಡಕ್ಕೆ.

* ಆಟದ ನಡುವೆ ಬಾಸ್ಕೆಟ್ ಬಿದ್ದಾಗ, ಅಂಕ ಬಿಟ್ಟುಕೊಟ್ಟ ತಂಡಕ್ಕೆ.

ಥ್ರೋ-ಇನ್‌ಗೋ ಮೊದಲ ಫ್ರೀ ಥ್ರೋಗೋ ಆಟಗಾರ್ತಿಯ ಕೈಗೆ ಚೆಂಡು ಸಿಕ್ಕಿತೆಂದರೆ ಅವಕಾಶ ಮುಗಿಯಿತು. ಆಮೇಲೆ ಎಷ್ಟೇ ಕೂಗಲಿ, ಕೊಡಬೇಡಿ.

ಹೀಗಾದರೆ?

ಚನ್ನರಾಯಪಟ್ಟಣಕ್ಕೂ ಅರಕಲಗೂಡಿಗೂ ಪಂದ್ಯ ಅಂದುಕೊಳ್ಳಿ. ಇನ್ನು 20 ಸೆಕೆಂಡು ಇದೆ. ಚನ್ನರಾಯಪಟ್ಟಣದ ಹುಡುಗಿ ಬಾಸ್ಕೆಟ್ ಹಾಕಿ ತಂಡವನ್ನು ಒಂದು ಅಂಕ ಮುಂದೆ ತಂದಳು. ಇಬ್ಬರು ಕೋಚ್‌ಗಳೂ ಟೈಮ್ ಔಟ್ ಅನ್ನುತ್ತಾರೆ. ಯಾರಿಗೆ? ಅರಕಲಗೂಡಿಗೆ! ಅಂಕ ಗಳಿಸಿದವರಿಗೆ ಇಲ್ಲ. ಟೈಮ್ ಔಟ್ ಮುಗಿದ ಮೇಲೆ, ತಮ್ಮ ಅಂಗಳದ ಬದಲು ಮುಂದಿನ ಅಂಗಳದಿಂದ ಥ್ರೋ-ಇನ್ ಮಾಡುವ ಆಯ್ಕೆಯೂ ಅರಕಲಗೂಡಿನ ಕೋಚ್‌ಗೆ ಇರುತ್ತದೆ. ಕೇಳಿ, ತಿಳಿದುಕೊಂಡೇ ಆಟ ಶುರು ಮಾಡಿ.

ಆಟಕ್ಕೆ ಮುಂಚೆ ಇಷ್ಟು ಮಾಡಿ

* ಸ್ಕೋರರ್ ಆಗಿ ಕೂರುವುದು ಹೆಚ್ಚಾಗಿ ನಮ್ಮ ವಿದ್ಯಾರ್ಥಿನಿಯೇ. ಅವಳ ಜೊತೆ ಐದು ನಿಮಿಷ ಕೂತು ಮೇಲಿನ ಮೂರು ಸಂದರ್ಭ ಹೇಳಿಕೊಡಿ.

* ಎಲೆಕ್ಟ್ರಾನಿಕ್ ಬೋರ್ಡ್ ಇಲ್ಲವೇ? ಚಿಂತೆಯಿಲ್ಲ. ಟೇಬಲ್‌ಗೆ ಒಂದು ಗಂಟೆ ಕೊಡಿ. ಆಷಾಢದ ಗಾಳಿಯಲ್ಲಿ ಬರೀ ಬಾಯಿಮಾತು ಕೇಳಿಸುವುದಿಲ್ಲ.

* ಕ್ವಾರ್ಟರ್ ಅವಧಿ ಕಡಿಮೆ ಮಾಡಿದ್ದರೆ ಟೈಮ್ ಔಟ್ ಎಷ್ಟೆಂದು ಇಬ್ಬರು ಕೋಚ್‌ಗಳನ್ನೂ ಒಟ್ಟಿಗೆ ಕರೆದು ಹೇಳಿ.

* ಟೈಮ್ ಔಟ್ ಕೊಟ್ಟಾಗ ವಿಶಲ್ ಊದಿ, ಅಂಗೈ ಮೇಲೆ ತೋರುಬೆರಳಿಟ್ಟು ‘ಟಿ’ ತೋರಿಸಿ. ನಿಮಿಷದ ಲೆಕ್ಕ ಆಗ ಶುರು. 50 ಸೆಕೆಂಡಿಗೊಂದು, 60ಕ್ಕೊಂದು ಸಿಗ್ನಲ್ ಬರಲಿ.

ದನಿ ಏರಿಸಿದರೆ?

ಹೆಂಗಸು ರೆಫರಿ ಅಂದ ಕೂಡಲೇ ದನಿ ಏರಿಸಿ ನೋಡುವವರು ಇದ್ದೇ ಇರುತ್ತಾರೆ. ನೀವೂ ಕೂಗಬೇಕಿಲ್ಲ. ‘ಸರ್, ಟೇಬಲ್‌ನಲ್ಲಿ ಕೇಳಿ’ ಎಂದು ಒಮ್ಮೆ ಹೇಳಿ, ಆಟದತ್ತ ತಿರುಗಿ. ವಾದ ಬೇಡ. 1997ರಲ್ಲಿ ವಯೊಲೆಟ್ ಪಾಮರ್, ಡೀ ಕ್ಯಾಂಟ್ನರ್ ಅಮೆರಿಕದ ಗಂಡಸರ ವೃತ್ತಿಪರ ಲೀಗ್ ಎನ್‌ಬಿಎಗೆ ಮೊದಲ ಮಹಿಳಾ ರೆಫರಿಗಳಾಗಿ ಬಂದಾಗ ಅವರಿಗೂ ಇಂಥ ಅನುಮಾನದ ನೋಟ ತಪ್ಪಿರಲಿಲ್ಲ. ಪಾಮರ್ 2016ರವರೆಗೂ ಅಲ್ಲೇ ವಿಶಲ್ ಊದಿದರು.

ನಿಯಮ ಗೊತ್ತಿದ್ದರೆ ದನಿ ತಾನಾಗಿಯೇ ಗಟ್ಟಿಯಾಗುತ್ತದೆ. ಮುಂದಿನ ಪಂದ್ಯಕ್ಕೆ ಹೋಗುವಾಗ ಈ ಪುಟವನ್ನು ಕತ್ತರಿಸಿ ಪರ್ಸ್‌ನಲ್ಲಿಟ್ಟುಕೊಳ್ಳಿ. ಆಲ್ ದಿ ಬೆಸ್ಟ್!