ಕಾಂತವು ಹೊರಳಿಸಿದ ಬೆಳಕು
ವಿಜ್ಞಾನಿ ಎಸ್. ರಾಮಶೇಷನ್ ಅವರ ಸಂಶೋಧನಾ ಜೀವನ

ನಮ್ಮ ಕೊಲ್ಲಾಪುರ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ರಸದ ಸಿಹಿಯನ್ನು ಅಳೆಯುವುದು ನಾಲಗೆಯಿಂದಲ್ಲ, ಬೆಳಕಿನಿಂದ. ಸಾಮಾನ್ಯ ಬೆಳಕಿನ ಕಂಪನಗಳು ಎಲ್ಲ ದಿಕ್ಕಿಗೂ ಹರಡಿರುತ್ತವೆ. ವಿಶೇಷ ಶೋಧಕದ ಮೂಲಕ ಹಾಯಿಸಿದರೆ, ಇಚಲಕರಂಜಿಯ ಮಗ್ಗದ ಮೇಲಿನ ಹಾಸಿನ ಎಳೆಗಳಂತೆ, ಅವು ಒಂದೇ ದಿಕ್ಕಿಗೆ ಅಣಿಗೊಳ್ಳುತ್ತವೆ. ಇದೇ ಧ್ರುವೀಕೃತ ಬೆಳಕು. ಸಕ್ಕರೆಯ ದ್ರಾವಣದೊಳಗೆ ಸಾಗುವಾಗ ಈ ಕಂಪನದ ದಿಕ್ಕು ತುಸು ಹೊರಳುತ್ತದೆ. ಹೊರಳಿದ ಕೋನವನ್ನು ಅಳೆದರೆ ಸಕ್ಕರೆಯ ಪ್ರಮಾಣ ತಿಳಿಯುತ್ತದೆ.

ಸಕ್ಕರೆ ಮಾಡುವ ಕೆಲಸವನ್ನು ಅಯಸ್ಕಾಂತವೂ ಮಾಡಬಲ್ಲುದೆಂಬುದನ್ನು 1845ರಲ್ಲಿ ಕಂಡುಹಿಡಿದವನು ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ದುಡಿದು ಬೆಳೆದ ಈ ಮಹನೀಯನು, ಕಾಂತಕ್ಷೇತ್ರದಲ್ಲಿರಿಸಿದ ಸೀಸಭರಿತ ಗಾಜಿನ ಮೂಲಕ ಬೆಳಕನ್ನು ಹಾಯಿಸಿ, ಅದರ ಕಂಪನದ ದಿಕ್ಕು ಹೊರಳುವುದನ್ನು ಕಂಡನು. ಬೆಳಕಿಗೂ ಕಾಂತಶಕ್ತಿಗೂ ನಂಟುಂಟೆಂಬುದಕ್ಕೆ ಅದು ಮೊದಲ ಪ್ರಮಾಣವಾಯಿತು.

ನೂರು ವರ್ಷಗಳ ತರುವಾಯ ಈ ವಿದ್ಯಮಾನವನ್ನು ಬೆಂಗಳೂರಿನಲ್ಲಿ ಸೂಕ್ಷ್ಮವಾಗಿ ಅಭ್ಯಸಿಸಿದವರು ಶಿವರಾಜ ರಾಮಶೇಷನ್. 1923ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ಅವರು ಸರ್ ಸಿ. ವಿ. ರಾಮನ್ ಅವರ ಸೋದರಳಿಯ. ನಾಗಪುರದಲ್ಲಿ ಓದಿದ ಅವರಿಗೆ ಕನ್ನಡ ನೆಲವೇ ಕರ್ಮಭೂಮಿಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ನರ ಬಳಿ ಸಂಶೋಧನೆ ಕೈಗೊಂಡು, 1946ರಲ್ಲಿ ವಜ್ರದಲ್ಲಿ ಫ್ಯಾರಡೆ ಪರಿಣಾಮವನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದರು.

ವಜ್ರವು ನೋಟಕ್ಕೆ ನಿರ್ಮಲವಾದರೂ ಎಷ್ಟೋ ವಜ್ರಗಳ ಒಡಲಲ್ಲಿ ಒತ್ತಡ ಅಡಗಿರುತ್ತದೆ. ಅದು ಬೆಳಕನ್ನು ಎರಡಾಗಿ ಸೀಳಿ, ಅಳತೆಯನ್ನು ಕೆಡಿಸುತ್ತದೆ. ಇಂತಹ ಎರಡು ಪರಿಣಾಮಗಳು ಕೂಡಿಕೊಂಡಾಗ ಲೆಕ್ಕ ಮಾಡುವ ಬಗೆಯನ್ನು ರಾಮಶೇಷನ್ ಮತ್ತು ಜಿ. ಎನ್. ರಾಮಚಂದ್ರನ್ 1952ರ ಪ್ರಬಂಧದಲ್ಲಿ ತೋರಿಸಿದರು. ಅವರು ಬಳಸಿದ ಸಾಧನ ಪಾಂಕರೆ ಗೋಲ. ನಮ್ಮ ಶಾಲೆಗಳಲ್ಲಿರುವ ಭೂಗೋಲವನ್ನೇ ಕಲ್ಪಿಸಿಕೊಳ್ಳಿರಿ. ಬೆಳಕಿನ ಒಂದೊಂದು ಧ್ರುವೀಕರಣ ಸ್ಥಿತಿಗೂ ಅದರ ಮೇಲೆ ಒಂದೊಂದು ಬಿಂದು. ಕಾಂತವು ಆ ಗೋಲವನ್ನು ಉತ್ತರ-ದಕ್ಷಿಣ ಅಕ್ಷದ ಸುತ್ತ ತಿರುಗಿಸುತ್ತದೆ; ಒಡಲಿನ ಒತ್ತಡವು ಅಡ್ಡ ಅಕ್ಷದ ಸುತ್ತ. ಎರಡೂ ಕೂಡಿದರೆ ಓರೆಯಾದ ಅಕ್ಷ! ಪುಟಗಟ್ಟಲೆ ಗಣಿತ ಒಂದು ಚೆಂಡಿನ ತಿರುಗುವಿಕೆಯಾಗಿ ಸರಳಗೊಂಡಿತು.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಸಕ್ಕರೆಯ ದ್ರಾವಣದೊಳಗಿಂದ ಬೆಳಕನ್ನು ಹಿಂದಕ್ಕೆ ಕಳುಹಿಸಿದರೆ ಮೊದಲಿನ ಹೊರಳು ಅಳಿದುಹೋಗುತ್ತದೆ. ಕಾಂತದಲ್ಲಿ ಹಾಗಲ್ಲ, ಹಿಂದಿರುಗುವಾಗಲೂ ಅದೇ ಕಡೆಗೆ ಹೊರಳಿ, ಕೋನ ಇಮ್ಮಡಿಯಾಗುತ್ತದೆ. ಹೋಗುವಾಗ 45 ಅಂಶ, ಬರುವಾಗ ಮತ್ತೆ 45 ಅಂಶವಾದರೆ, ಹಿಂದಿರುಗಿದ ಬೆಳಕು ಶೋಧಕಕ್ಕೆ ಅಡ್ಡಲಾಗಿ ನಿಂತು ತಡೆಹಿಡಿಯಲ್ಪಡುತ್ತದೆ. ಗಾಜಿನ ಎಳೆಗಳ ಮೂಲಕ ಸಂದೇಶ ಕಳುಹಿಸುವ ಲೇಸರುಗಳನ್ನು ಇಂದು ಕಾಪಾಡುವುದು ಇಂತಹ ಏಕಮುಖ ಬಾಗಿಲೇ.

ಈ ವಿಜ್ಞಾನದ ಮತ್ತೊಂದು ಕವಲು ತೆಳುವಾದ ಕಾಂತೀಯ ಪದರಗಳದ್ದು. ಕಬ್ಬಿಣದ ತಗಡಿನೊಳಗೆ ಬೆಳಕು ತೂರದು. ಆದರೆ ಪಾರದರ್ಶಕವಾಗುವಷ್ಟು ತೆಳುಪದರ ಮಾಡಿ, ಅದರಲ್ಲಿಯೂ ಈ ಹೊರಳನ್ನು 1884ರಲ್ಲಿ ಆಗಸ್ಟ್ ಕುಂಟ್ ಅಳೆದನು. ಅದಕ್ಕೂ ಮೊದಲೇ, 1877ರ ವೇಳೆಗೆ, ಕಾಂತದ ಮೈಯಿಂದ ಪ್ರತಿಫಲಿಸಿದ ಬೆಳಕೂ ಹೊರಳುವುದನ್ನು ಜಾನ್ ಕೆರ್ ಕಂಡಿದ್ದನು. ಆ ತತ್ತ್ವದಿಂದಲೇ 1992ರಲ್ಲಿ ಜಪಾನಿನ ಸೋನಿ ಸಂಸ್ಥೆಯ ಧ್ವನಿಮುದ್ರಣದ ಮಿನಿಡಿಸ್ಕ್ ಹೊರಬಂದಿತು. ಅದರ ಕಾಲ ಮುಗಿದಿದೆ, ತತ್ತ್ವ ಮುಗಿದಿಲ್ಲ.

ರಾಮಶೇಷನ್ ಒಂದೇ ವಿಷಯಕ್ಕೆ ಅಂಟಿಕೊಂಡವರಲ್ಲ. ಕ್ಷ-ಕಿರಣ ಸ್ಫಟಿಕವಿಜ್ಞಾನದಲ್ಲಿ ಹೆಸರಾದರು. 1966ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದರು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯಲ್ಲಿ ದ್ರವ್ಯವಿಜ್ಞಾನ ವಿಭಾಗವನ್ನು ಕಟ್ಟಿದರು. 1981ರಿಂದ 1984ರವರೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. 'ಕರೆಂಟ್ ಸೈನ್ಸ್' ಪತ್ರಿಕೆಗೆ ಸಂಪಾದಕರಾಗಿ ಹೊಸ ಚೈತನ್ಯ ತುಂಬಿದರು. 2003ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಈ ವೃತ್ತಾಂತವನ್ನು ಗಡಿಯಾಚೆಯ ನಮ್ಮ ಮನೆಗಳಲ್ಲಿ ಓದುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ಕಲಿತ ಮಗು ವಿಜ್ಞಾನಕ್ಕೆ ಹೋದರೆ ತಡವರಿಸೀತೆಂದು ಹೆದರಿ, ಹತ್ತನೆಯ ತರಗತಿಗೆ ಮೊದಲೇ ಅದರ ದಾರಿ ಬದಲಿಸುವ ತಂದೆತಾಯಿಗಳು ಗಡಹಿಂಗ್ಲಜದ ಸುತ್ತಮುತ್ತ ಕಡಿಮೆಯಿಲ್ಲ. ಮುಂದೆ ಮರಾಠಿ, ಇಂಗ್ಲಿಷುಗಳನ್ನು ಕಲಿಯಲೇಬೇಕೆಂಬುದು ನಿಜ. ಆ ಶ್ರಮ ಸಣ್ಣದಲ್ಲ. ಆದರೆ ಕಬ್ಬಿನ ರಸ, ಮಗ್ಗದ ಹಾಸು, ಶಾಲೆಯ ಭೂಗೋಲ ಇವುಗಳಿಂದ ಮನೆಮಾತಿನಲ್ಲಿ ಅರ್ಥವಾದ ತತ್ತ್ವವನ್ನು ಇನ್ನೊಂದು ಭಾಷೆಯಲ್ಲಿ ಹೇಳುವುದು ಕೇವಲ ಶಬ್ದಗಳ ಕೆಲಸ. ಅರ್ಥವಾಗದೆ ಬಾಯಿಪಾಠ ಮಾಡಿದ್ದಕ್ಕೆ ಯಾವ ಭಾಷೆಯೂ ನೆರವಾಗದು.

ದೂರದ ಊರೇ ಬೇಕೆಂದೂ ಇಲ್ಲ. 1962ರಲ್ಲಿ ಸ್ಥಾಪಿತವಾದ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದಲ್ಲಿ ತೆಳುಪದರಗಳ ಸಂಶೋಧನೆ ದಶಕಗಳಿಂದ ನಡೆದುಬಂದಿದೆ. ಗಡಹಿಂಗ್ಲಜದಿಂದ ಅಲ್ಲಿಗೆ ಬಸ್ಸಿನ ದಾರಿಯಿದೆ. ಮಗು ಪ್ರಶ್ನೆ ಕೇಳಿದಾಗ ಸುಮ್ಮನಾಗಿಸದೆ, ಆ ದಾರಿಯನ್ನು ತೆರೆದಿಡುವುದು ಹಿರಿಯರಾದ ನಮ್ಮ ಪಾಲಿನ ಕೆಲಸ.